ಗಡಿ ಒಂದು, ಇಂಗ್ಲಿಷ್ ಶಬ್ದ ಎರಡು: ಬಾರ್ಡರ್–ಬೌಂಡರಿ ಬಿಡಿಸುವ ಬಗೆ

ಕೆಲವು ವರ್ಷಗಳ ಹಿಂದೆ ನೆರೆಮನೆಯವರ ಜಾಗದ ಆಧಾರವನ್ನು (ನೋಂದಣಿ ಪತ್ರವನ್ನು) ಇಂಗ್ಲಿಷಿಗೆ ಮಾಡಿಕೊಡುವ ಕೆಲಸ ನನ್ನ ತಲೆಗೆ ಬಿತ್ತು. ಅಜ್ಜನ ಕಾಲದ ಕಾಗದ. ಕಾಸರಗೋಡು ತಾಲೂಕು ಇನ್ನೂ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದಾಗ ಬರೆಸಿದ್ದು, ಹಾಗಾಗಿ ಕನ್ನಡದಲ್ಲೇ ಇತ್ತು. ಮೊಮ್ಮಗ ಹೊರದೇಶಕ್ಕೆ ಓದಲಿಕ್ಕೆ ಹೊರಟಿದ್ದ; ಸಾಲ ಕೊಡುವವರಿಗೆ ಇಂಗ್ಲಿಷ್ ಪ್ರತಿ ಬೇಕಿತ್ತು. ಸರ್ವೆ ನಂಬರು, ವಿಸ್ತೀರ್ಣ ಎಲ್ಲ ಸಲೀಸಾಗಿ ಆಯಿತು. ಕೊನೆಗೆ ಬಂತು ಚೆಕ್ಕುಬಂದಿ, ಅಂದರೆ ಜಾಗದ ನಾಲ್ಕು ಬದಿಯಲ್ಲಿ ಏನಿದೆ ಎಂಬ ವಿವರ. ಮೂಡಕ್ಕೆ ತೋಡು, ಪಡುವಕ್ಕೆ ರಸ್ತೆ, ತೆಂಕಕ್ಕೆ ಇಂಥವರ ತೋಟದ ಅಗಳು (ಕಂದಕ), ಬಡಗಕ್ಕೆ ಸರಕಾರಿ ಗುಡ್ಡೆ. ನಾನು ಹಿಂದೆಮುಂದೆ ನೋಡದೆ ನಾಲ್ಕು ಬದಿಗೂ 'ಬಾರ್ಡರ್' ಎಂದು ಬರೆದು ಕೊಟ್ಟೆ. ಎರಡು ದಿನ ಬಿಟ್ಟು ಕಾಗದ ತಿರುಗಿ ಬಂತು. ಅದನ್ನು ಓದಿದ ವಕೀಲರು ಹೇಳಿ ಕಳಿಸಿದ್ದು ಇಷ್ಟೇ: 'ತೋಟಕ್ಕೆ ಮಿಲಿಟ್ರಿ ಕಾವಲು ಬೇಕೋ ಅಂತ ಮಾಷ್ಟ್ರ ಹತ್ತಿರ ಕೇಳಿ.'

ಕನ್ನಡ ಮಾಧ್ಯಮದ ಮಕ್ಕಳಿಗೆ ಅಷ್ಟು ವರ್ಷ ಇಂಗ್ಲಿಷ್ ಹೇಳಿಕೊಟ್ಟವನಿಗೆ ಇದು ತಾಗದೆ ಇದ್ದೀತೇ? ಅದರಲ್ಲೂ ಗಡಿನಾಡಿನವನಿಗೆ. 'ಗಡಿ' ಎಂಬ ಶಬ್ದವನ್ನು ಸಭೆ ಸಮಾರಂಭಗಳಲ್ಲಿ ಕೇಳಿ ಕೇಳಿ, ಹೇಳಿ ಹೇಳಿ, ಅದರ ಹೊಟ್ಟೆಯೊಳಗೆ ಎರಡು ಬೇರೆ ಸಂಗತಿಗಳು ಕೂತಿವೆ ಎಂಬುದು ನನಗೆ ಹೊಳೆದೇ ಇರಲಿಲ್ಲ. ಆಮೇಲೆ ಈ ಎರಡನ್ನು ಬಿಡಿಸಲಿಕ್ಕೆ ಕಂಡುಕೊಂಡ ದಾರಿಯನ್ನು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ. ಬೇರೆ ಜೋಡಿ ಶಬ್ದಗಳಿಗೂ ಇದೇ ದಾರಿ ಆಗುತ್ತದೆ. ಪಿಎಸ್‌ಸಿ (ಸರಕಾರಿ ಕೆಲಸದ) ಪರೀಕ್ಷೆಗೆ ಕೂರುವವರು, ಅರ್ಜಿ–ಆಧಾರಗಳ ಅನುವಾದ ಮಾಡುವವರು, ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳುವವರು ಒಂದು ನೋಟ್‌ಬುಕ್ ಹತ್ತಿರ ಇಟ್ಟುಕೊಂಡು ಓದಿ.

ಮೊದಲ ಹೆಜ್ಜೆ: ಎರಡನ್ನೂ ಮುಚ್ಚಿಕೊಂಡಿರುವ ಕನ್ನಡ ಶಬ್ದ ಯಾವುದು?

ಇಂಗ್ಲಿಷಿನ ಎರಡು ಶಬ್ದ ನಮಗೆ ಒಂದೇ ಥರ ಕಂಡರೆ, ಹೆಚ್ಚಿನ ಸಲ ಅದಕ್ಕೆ ಕಾರಣ ನಮ್ಮ ಕಡೆಯ ಒಂದು ಶಬ್ದ. ಕೊಡೆಯ ಹಾಗೆ ಅದು ಎರಡರ ಮೇಲೂ ಬಿಚ್ಚಿಕೊಂಡಿರುತ್ತದೆ. 'ಕೈ' ಎನ್ನುವ ಕೊಡೆಯ ಅಡಿಯಲ್ಲಿ ಹ್ಯಾಂಡ್ ಮತ್ತು ಆರ್ಮ್ ಎರಡೂ ನಿಂತಿವೆ. 'ಬೆರಳು' ಎಂದರೆ ಫಿಂಗರೂ ಹೌದು, ಟೋ ಕೂಡ ಹೌದು. ನಮ್ಮ ಜೋಡಿಯ ಮೇಲೆ ಇರುವುದು 'ಗಡಿ'. ಪಾಕಿಸ್ತಾನದ ಗಡಿಯೂ ಗಡಿಯೇ, ಪಕ್ಕದ ಮನೆಯವರ ಜತೆಗಿನ ತಕರಾರೂ ಗಡಿ ತಕರಾರೇ.

ಈ ಹಂತದಲ್ಲಿ ಇಂಗ್ಲಿಷ್–ಕನ್ನಡ ನಿಘಂಟು ತೆರೆಯಬೇಡಿ. ಬಾರ್ಡರಿನ ಎದುರಿಗೂ ಬೌಂಡರಿಯ ಎದುರಿಗೂ ಅದೇ ಸಾಲು ಸಿಗುತ್ತದೆ: ಗಡಿ, ಎಲ್ಲೆ, ಮೇರೆ, ಸರಹದ್ದು. ನಿಘಂಟಿನ ತಪ್ಪಲ್ಲ ಅದು. ನಮ್ಮಲ್ಲಿ ಏನಿದೆಯೋ ಅದನ್ನೇ ಅದು ಕೊಟ್ಟೀತು. ಇಂಗ್ಲಿಷಿನಲ್ಲೇ ಅರ್ಥ ವಿವರಿಸುವ, ಕಲಿಯುವವರಿಗಾಗಿ ಮಾಡಿದ ನಿಘಂಟುಗಳು ಈಗ ಮೊಬೈಲಿನಲ್ಲಿ ಪುಕ್ಕಟೆ ಸಿಗುತ್ತವೆ. ಅವುಗಳಲ್ಲಿ ಅರ್ಥದ ಸಾಲನ್ನು ಬಿಟ್ಟು, ಅದರ ಕೆಳಗೆ ಕೊಟ್ಟ ಉದಾಹರಣೆ ವಾಕ್ಯಗಳನ್ನು ಓದಿ. ನಮಗೆ ಬೇಕಾದ್ದು ಅಲ್ಲಿದೆ.

ಎರಡನೆಯ ಹೆಜ್ಜೆ: ಹುಟ್ಟಿದ ಮನೆ ನೋಡಿಕೊಂಡು ಬನ್ನಿ

ಬಾರ್ಡರ್ ಇಂಗ್ಲಿಷಿಗೆ ಬಂದದ್ದು ಹಳೆಯ ಫ್ರೆಂಚಿನಿಂದ. ಅಲ್ಲಿ 'ಬೋರ್ಡ್' ಎಂಬ ಉಚ್ಚಾರದ ಶಬ್ದಕ್ಕೆ ಅಂಚು, ಬದಿ ಎಂಬ ಅರ್ಥ. ಹಲಗೆ ಎಂಬ ಅರ್ಥದ ಇಂಗ್ಲಿಷ್ ಬೋರ್ಡ್ ಕೂಡ ಇದರ ನೆಂಟ. ಈ ಅಂಚನ್ನು ನೋಡಬೇಕಾದರೆ ಮನೆಯ ಕಪಾಟು ತೆರೆದರೆ ಸಾಕು. ಸೀರೆಗೆ ಬಾರ್ಡರ್ ಇದೆ. ನಮ್ಮ ಹಿರಿಯರು 'ಕರೆ' ಎನ್ನುತ್ತಿದ್ದರು. ಕೆಂಪು ಕರೆಯ ಸೀರೆ, ಹಸಿರು ಕರೆಯ ವೇಷ್ಟಿ. ನಮ್ಮ ಊರಿನ ಹೆಸರಿನಲ್ಲೇ ಕಾಸರಗೋಡು ಸೀರೆ ಎಂಬ ಕೈಮಗ್ಗದ ಹತ್ತಿ ಸೀರೆ ಇದೆ, ಭೌಗೋಳಿಕ ಸೂಚಿಕೆಯೂ ಅದಕ್ಕೆ ಸಿಕ್ಕಿದೆ. ಅಂಥ ಒಂದು ಸೀರೆಯನ್ನು ಬಿಡಿಸಿ ನೋಡಿ. ಕರೆ ಎಂದರೆ ಬರೀ ಗೆರೆಯಲ್ಲ. ಅದಕ್ಕೆ ಅಗಲ ಇದೆ. ಎರಡು ಬೆರಳು, ನಾಲ್ಕು ಬೆರಳು, ಗೇಣು. ಅದರೊಳಗೆ ಬೇರೆ ಬಣ್ಣ, ಬೇರೆ ನೇಯ್ಗೆ. ಸೀರೆಯ ಭಾಗವೇ ಹೌದು, ಆದರೆ ಒಡಲಿನ ಹಾಗಲ್ಲ.

ಬೌಂಡರಿಯ ಮೂಲ 'ಬೌಂಡ್'. ಅದೂ ಫ್ರೆಂಚ್ ದಾರಿಯಲ್ಲಿ ಮಧ್ಯಯುಗದ ಲ್ಯಾಟಿನ್‌ನಿಂದ ಬಂದದ್ದೇ, ಆದರೆ ಅರ್ಥ ಎಲ್ಲೆ, ಎಲ್ಲೆಯ ಗುರುತು. ಅಂದರೆ ನಮ್ಮ ಸರ್ವೆ ಕಲ್ಲಿನ ಜಾತಿ. ಇದಕ್ಕೆ ಅಗಲ ಇಲ್ಲ. ಇಲ್ಲಿಯ ತನಕ ನಿನ್ನದು, ಇಲ್ಲಿಂದ ಮುಂದೆ ನನ್ನದು, ಅಷ್ಟೇ. ಕ್ರಿಕೆಟ್ ಮೈದಾನದ ಹಗ್ಗ ಬೌಂಡರಿ. ಚೆಂಡು ಅದರ ಒಳಗಿದೆಯೋ ಹೊರಗಿದೆಯೋ ಎಂಬುದೊಂದೇ ಪ್ರಶ್ನೆ. ಹಗ್ಗದ ಮೇಲೆಯೇ ಬಿದ್ದರೂ ಅಂಪೈರು ಒಂದು ಕಡೆಗೆ ಕೈ ಎತ್ತಲೇಬೇಕು. ಕೊನೆಗೆ ಗೆರೆಯ ಹೆಸರೇ ಹೊಡೆತದ ಹೆಸರೂ ಆಗಿ, ನಮ್ಮ ಹುಡುಗರು 'ಬೌಂಡರಿ ಬಾರಿಸಿದ' ಎನ್ನುತ್ತಾರೆ.

ಇಲ್ಲೊಂದು ಎಚ್ಚರಿಕೆ. ನೆಗೆಯುವ ಬೌಂಡ್, ಕಟ್ಟಿಹಾಕಿದ ಎಂಬ ಅರ್ಥದ ಬೌಂಡ್, 'ಮಂಗಳೂರಿಗೆ ಹೊರಟ' ಎಂಬ ಅರ್ಥದ ಬೌಂಡ್ ಇವೆಲ್ಲ ಬೇರೆ ಬೇರೆ ಮನೆಯ ಮಕ್ಕಳು. ಮುಖ ಮಾತ್ರ ಒಂದೇ. ಹಾಗೆಯೇ ಹಾಸ್ಟೆಲಿನಲ್ಲಿ ಉಂಡು ಮಲಗುವ ವಿದ್ಯಾರ್ಥಿಯೂ ಉಚ್ಚಾರದಲ್ಲಿ ಬಾರ್ಡರೇ. ಇಂಗ್ಲಿಷಿನಲ್ಲಿ ಬರೆಯುವಾಗ ಅವನಿಗೆ ಒಂದು 'ಎ' ಹೆಚ್ಚು. ನನ್ನ ಶಿಷ್ಯನೊಬ್ಬ ಆ 'ಎ' ಬಿಟ್ಟು ಹಾಸ್ಟೆಲಿಗೆ ಅರ್ಜಿ ಹಾಕಿದ್ದ. ಗಡಿಯಾಗಿ ಸೇರಿಸಿಕೊಳ್ಳಿ ಎಂದು ಕೇಳಿದ ಹಾಗಾಯಿತು, ಸೇರಿಸಿಕೊಂಡರು, ಪಾಪ.

ಹುಟ್ಟು ನೋಡುವುದರಿಂದ ಒಂದು ಚಿತ್ರ ಮಾತ್ರ ಸಿಗುತ್ತದೆ, ತೀರ್ಪು ಸಿಗುವುದಿಲ್ಲ. ಶಬ್ದಗಳು ಹುಟ್ಟಿದ ಮನೆಯಿಂದ ಬಹಳ ದೂರ ಹೋಗಿ ಸಂಸಾರ ಹೂಡುತ್ತವೆ. ಅಗಲ ಇರುವ ಅಂಚು, ಅಗಲ ಇಲ್ಲದ ಗೆರೆ. ಈ ಎರಡು ಚಿತ್ರಗಳನ್ನು ನೋಟ್‌ಬುಕ್ಕಿನಲ್ಲಿ ಬಿಡಿಸಿಕೊಂಡು ಮುಂದೆ ನಡೆಯಿರಿ.

ಮೂರನೆಯ ಹೆಜ್ಜೆ: ಅದಕ್ಕೆ ಏನು ಮಾಡಬಹುದು ಎಂದು ಕೇಳಿ

ಈ ಹೆಜ್ಜೆಯಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಹಾಳೆಯ ನಡುವೆ ಗೀಟು ಎಳೆದು ಎಡಕ್ಕೆ ಬಾರ್ಡರ್, ಬಲಕ್ಕೆ ಬೌಂಡರಿ ಎಂದು ಬರೆಯಿರಿ. 'ಇದರ ಅರ್ಥವೇನು' ಎಂದು ಕೇಳಬೇಡಿ. 'ಇದಕ್ಕೆ ಏನೇನು ಮಾಡುತ್ತಾರೆ' ಎಂದು ಕೇಳಿ, ಸಿಕ್ಕಿದ ಕ್ರಿಯಾಪದಗಳನ್ನೆಲ್ಲ ಅದರ ಕೆಳಗೆ ಹಾಕಿ.

ಬಾರ್ಡರನ್ನು ದಾಟುತ್ತಾರೆ, ಕಾಯುತ್ತಾರೆ, ಮುಚ್ಚುತ್ತಾರೆ, ತೆರೆಯುತ್ತಾರೆ, ಕದ್ದು ನುಸುಳುತ್ತಾರೆ. 2020ರ ಮಾರ್ಚಿನಲ್ಲಿ ಕೊರೋನಾ ಕಾರಣಕ್ಕೆ ಕೇರಳ–ಕರ್ನಾಟಕ ಗಡಿಯ ತಲಪಾಡಿಯಲ್ಲಿ ಹೆದ್ದಾರಿ ಮುಚ್ಚಿ, ಒಳರಸ್ತೆಗಳಿಗೆ ಮಣ್ಣು ಸುರಿದಾಗ ಇಂಗ್ಲಿಷ್ ಪತ್ರಿಕೆಗಳಲ್ಲಿ ಬಂದದ್ದು ಬಾರ್ಡರ್ ಮುಚ್ಚಿದೆ ಎಂದು. ಬೌಂಡರಿ ಮುಚ್ಚಿದೆ ಎಂದು ಬರೆಯಲಿಕ್ಕೆ ಬರುವುದಿಲ್ಲ. ಗೆರೆಯನ್ನು ಹೇಗೆ ಮುಚ್ಚುವುದು? ಮುಚ್ಚಬೇಕಾದರೆ ಅಲ್ಲಿ ಬಾಗಿಲು ಬೇಕು, ಹೋಗಿ ಬರುವ ಜನ ಬೇಕು. ಮಂಗಳೂರಿನ ಆಸ್ಪತ್ರೆಗೆ ಹೊರಟವರು, ಆ ಕಡೆ ಮಗಳನ್ನು ಕೊಟ್ಟವರು, ಮೀನಿನ ಲಾರಿಯವರು.

ಬೌಂಡರಿಯನ್ನು ಎಳೆಯುತ್ತಾರೆ, ಅಳೆಯುತ್ತಾರೆ, ಗುರುತಿಸುತ್ತಾರೆ, ನಿಗದಿ ಮಾಡುತ್ತಾರೆ, ಬದಲಿಸುತ್ತಾರೆ. ರಾತ್ರೋರಾತ್ರಿ ಬೇಲಿಯ ಗೂಟ ಸರಿಸಿ ಅದನ್ನೂ ಸರಿಸುವವರಿದ್ದಾರೆ. ಕ್ರಿಯಾಪದಗಳನ್ನು ನೋಡಿದರೇ ಗೊತ್ತಾಗುತ್ತದೆ, ಬೌಂಡರಿಯ ಸುತ್ತ ನಿಂತವರು ಸರ್ವೆಯವರು, ವಕೀಲರು, ವಿಲೇಜ್ ಆಫೀಸಿನವರು. ಬಾರ್ಡರಿನ ಸುತ್ತ ನಿಂತವರು ಪೊಲೀಸರು, ಪ್ರಯಾಣಿಕರು, ಕಳ್ಳಸಾಗಣೆಯವರು.

ಇನ್ನೂ ಮೂರು ಸಣ್ಣ ಪರೀಕ್ಷೆಗಳನ್ನು ಇದೇ ಹಾಳೆಯಲ್ಲಿ ಮಾಡಿ.

ಒಂದು, ಬೆನ್ನಿಗೆ ಬರುವ ನಾಮಪದ. ಬಾರ್ಡರ್ ಟೌನ್, ಬಾರ್ಡರ್ ವಿಲೇಜ್, ಬಾರ್ಡರ್ ಪೋಸ್ಟ್ ಎಲ್ಲ ಇವೆ. ಬೌಂಡರಿ ಟೌನ್ ಇಲ್ಲ. ಬೌಂಡರಿಗೆ ಸಿಗುವುದು ವಾಲ್, ಸ್ಟೋನ್, ಲೈನ್. ಅಗಲ ಇರುವ ಕಡೆ ಊರು ಕಟ್ಟಬಹುದು, ಗೆರೆಯ ಮೇಲೆ ಕಲ್ಲು ಮಾತ್ರ ನಿಂತೀತು. ಮಂಜೇಶ್ವರ ಬಾರ್ಡರಿನ ಊರು. ತಲಪಾಡಿಯ ಗೆರೆಯಿಂದ ಕೆಲವು ಕಿಲೋಮೀಟರ್ ಒಳಗಿದ್ದರೂ ಬಾರ್ಡರಿನದೇ, ಏಕೆಂದರೆ ಆ ಕರೆಯ ಅಗಲದೊಳಗೆ ಅದು ಬರುತ್ತದೆ.

ಎರಡು, ಕೊಂಡಿಯಾಗಿ ಬರುವ ಪುಟ್ಟ ಪದ. ಬಾರ್ಡರಿನ ನಂತರ ಹೆಚ್ಚಾಗಿ 'ವಿದ್' ಬರುತ್ತದೆ: ಕೇರಳಕ್ಕೆ ಕರ್ನಾಟಕದ ಜತೆ ಬಾರ್ಡರ್ ಇದೆ. ಬೌಂಡರಿಯ ನಂತರ 'ಬಿಟ್ವೀನ್' ಅಥವಾ 'ಆಫ್'. ಒಂದರಲ್ಲಿ ನೆರೆಯವನ ಜತೆಗಿನ ಸಂಬಂಧ, ಇನ್ನೊಂದರಲ್ಲಿ ಎರಡು ಪಾಲಿನ ನಡುವೆ ಬಿದ್ದ ಗೀಟು. ಬಾರ್ಡರಿಗೂ 'ಬಿಟ್ವೀನ್' ಬರುವುದುಂಟು, ಆದರೆ 'ಬೌಂಡರಿ ವಿದ್' ಅಪರೂಪ.

ಮೂರು, ಕ್ರಿಯಾಪದ ಆಗುತ್ತದೆಯೇ? ಬಾರ್ಡರ್ ಆಗುತ್ತದೆ; ಕರ್ನಾಟಕ ಕೇರಳವನ್ನು 'ಬಾರ್ಡರ್ಸ್' ಎನ್ನಬಹುದು. ಬೌಂಡರಿ ಆಗುವುದಿಲ್ಲ, ಅದಕ್ಕೆ ತಾಯಿ ಶಬ್ದ ಬೌಂಡಿಗೇ ಹೋಗಬೇಕು. ಆಧಾರದ ಇಂಗ್ಲಿಷಿನಲ್ಲಿ 'ಬೌಂಡೆಡ್ ಆನ್ ದ ನಾರ್ತ್ ಬೈ' ಎಂದು ಬರೆಯುವುದು ಇದಕ್ಕೇ. ನಾನು ಆ ದಿನ ಬರೆಯಬೇಕಾಗಿದ್ದದ್ದೂ ಇದನ್ನೇ: ಬೌಂಡೆಡ್ ಎಂದು, ದಿಕ್ಕು ಹೇಳಿ, ಆಮೇಲೆ ತೋಡೋ ಅಗಳೋ. ಚೆಕ್ಕುಬಂದಿ ಅನುವಾದ ಮಾಡುವವರು ಇದನ್ನು ಬರೆದಿಟ್ಟುಕೊಳ್ಳಿ.

ನಿಮ್ಮ ಹಾಳೆಗೆ ಶಬ್ದ ಸಾಲದೆ ಹೋದರೆ ಮೊಬೈಲಿನಲ್ಲಿ ಎರಡು ಪದಗಳನ್ನು ಉದ್ಧರಣ ಚಿಹ್ನೆಯೊಳಗೆ ಜೋಡಿಸಿ ಹುಡುಕಿ. ಒಂದು ಜೋಡಿಗೆ ಪತ್ರಿಕೆಗಳ ತಲೆಬರಹಗಳೇ ರಾಶಿ ರಾಶಿ ಬಂದು, ಇನ್ನೊಂದಕ್ಕೆ ಅಲ್ಲೊಂದು ಇಲ್ಲೊಂದು ಬಂದರೆ ಉತ್ತರ ಸಿಕ್ಕಿತು.

ನಾಲ್ಕನೆಯ ಹೆಜ್ಜೆ: ಕಟ್ಟಿದ ನಿಯಮವನ್ನು ನೀವೇ ಒಡೆಯಿರಿ

ಇಷ್ಟು ಹೊತ್ತಿಗೆ ಯಾರಿಗಾದರೂ ಒಂದು ಸುಲಭದ ನಿಯಮ ಹೊಳೆದಿರುತ್ತದೆ: ದೊಡ್ಡದಕ್ಕೆ ಬಾರ್ಡರ್, ಸಣ್ಣದಕ್ಕೆ ಬೌಂಡರಿ. ದೇಶ–ರಾಜ್ಯಗಳಿಗೆ ಅದು, ತೋಟ–ಮನೆಗಳಿಗೆ ಇದು. ನಾನೂ ಒಂದಷ್ಟು ಕಾಲ ಮಕ್ಕಳಿಗೆ ಹಾಗೆಯೇ ಹೇಳಿದೆ. ಹತ್ತರಲ್ಲಿ ಏಳೆಂಟು ಸಲ ಸರಿಹೋಗುತ್ತದೆ ಕೂಡ. ತಪ್ಪಾದ ನಿಯಮ ಹೆಚ್ಚು ಕಾಲ ಬದುಕುವುದೇ ಹೀಗೆ.

ಅದನ್ನು ಒಡೆಯಲಿಕ್ಕೆ ಸರಕಾರಿ ಹೆಸರುಗಳನ್ನು ನೋಡಿ. ಹೆಸರಿಡುವಾಗ ಕಾನೂನಿನವರು ಪ್ರತಿ ಶಬ್ದವನ್ನು ತೂಗಿ ಇಟ್ಟಿರುತ್ತಾರೆ. ನಮಗೆಲ್ಲ ಗೊತ್ತಿರುವ ಮಹಾಜನ ಆಯೋಗವನ್ನೇ ತೆಗೆದುಕೊಳ್ಳಿ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಎದ್ದ ಕೂಗು, ಬೆಳಗಾವಿಯ ಜಗಳ ಎಲ್ಲ ಸೇರಿ, ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ಮೆಹರ್ ಚಂದ್ ಮಹಾಜನರ ಆಯೋಗ ಬಂತು. 1967ರಲ್ಲಿ ಅದು ಕೊಟ್ಟ ವರದಿಯಲ್ಲಿ ಚಂದ್ರಗಿರಿ–ಪಯಸ್ವಿನಿ ಹೊಳೆಗಳ ಬಡಗು ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕು ಎಂದಿತ್ತು. ಜಾರಿಗೆ ಬರಲಿಲ್ಲ, ಅದು ಬೇರೆ ಕತೆ. ಆ ವರದಿಯ ಇಂಗ್ಲಿಷ್ ತಲೆಬರಹದಲ್ಲಿ ಇರುವುದು ಮಹಾರಾಷ್ಟ್ರ–ಮೈಸೂರು–ಕೇರಳ 'ಬೌಂಡರಿ ಡಿಸ್ಪ್ಯೂಟ್ಸ್'. ಮೂರು ರಾಜ್ಯಗಳ ಜಗಳ, ಆದರೂ ಬೌಂಡರಿ! ಸಂವಿಧಾನದ 3ನೇ ವಿಧಿಯೂ ರಾಜ್ಯಗಳ 'ಬೌಂಡರೀಸ್' ಬದಲಿಸುವ ಅಧಿಕಾರವನ್ನೇ ಸಂಸತ್ತಿಗೆ ಕೊಟ್ಟಿದೆ. 1947ರಲ್ಲಿ ಪಂಜಾಬ್ ಮತ್ತು ಬಂಗಾಳವನ್ನು ಸೀಳಲು ಬಂದ ರ‍್ಯಾಡ್‌ಕ್ಲಿಫ್ ಕೂತದ್ದು ಬೌಂಡರಿ ಕಮಿಷನ್‌ಗಳ ತಲೆಯಲ್ಲಿ. ಆತ ಎಳೆದ ಆ ಗೆರೆಯ ಪಶ್ಚಿಮ ಭಾಗವನ್ನೂ ಪೂರ್ವ ಭಾಗವನ್ನೂ ಇವತ್ತು ಕಾಯುತ್ತಿರುವ, 1965ರ ಡಿಸೆಂಬರ್ 1ರಂದು ಹುಟ್ಟಿದ ಪಡೆಯ ಹೆಸರು ಬಾರ್ಡರ್ ಸೆಕ್ಯುರಿಟಿ ಫೋರ್ಸ್.

ಒಂದೇ ಗೆರೆ. ಎಳೆಯುವಾಗ ಬೌಂಡರಿ, ಕಾಯುವಾಗ ಬಾರ್ಡರ್.

ಇನ್ನೊಂದು ಕಡೆಯಿಂದಲೂ ನೋಡಬಹುದು. ಕೇರಳದಲ್ಲಿ ಜಮೀನಿನ ಸರ್ವೆಗೆ ಇರುವ 1961ರ ಕಾನೂನಿನ ಹೆಸರು 'ಸರ್ವೆ ಆ್ಯಂಡ್ ಬೌಂಡರೀಸ್ ಆ್ಯಕ್ಟ್'. ಆ ಕಡೆ ಕರ್ನಾಟಕ ಸರಕಾರ ಮಾಡಿರುವ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರಕ್ಕೆ ಇಂಗ್ಲಿಷಿನಲ್ಲಿ 'ಬಾರ್ಡರ್ ಏರಿಯಾ' ಎಂದು ಹೆಸರು. ಪ್ರದೇಶ ಎಂದ ಮೇಲೆ ಅಗಲ ಬಂತು, ಜನ ಬಂದರು, ಅವರ ಶಾಲೆ–ಭಾಷೆ ಬಂತು. ಅಲ್ಲಿ ಬೌಂಡರಿ ಎಂದಿದ್ದರೆ ಬೇಲಿಯ ಅಭಿವೃದ್ಧಿ ಮಾಡಿದ ಹಾಗೆ ಕೇಳಿಸುತ್ತಿತ್ತು.

ಹಾಗಾದರೆ ಗಾತ್ರ ಮುಖ್ಯವಲ್ಲ, ನೋಡುವವನು ಎಲ್ಲಿ ನಿಂತಿದ್ದಾನೆ ಎಂಬುದು ಮುಖ್ಯ. ನಕ್ಷೆಯ ಮೇಲೆ ಬಗ್ಗಿ ನೋಡುವವನಿಗೆ ಬೌಂಡರಿ. ನೆಲದ ಮೇಲೆ ನಿಂತು ದಾಟಬೇಕಾದವನಿಗೆ, ಅದರ ಪಕ್ಕದಲ್ಲೇ ಬದುಕುವವನಿಗೆ ಬಾರ್ಡರ್. ತೋಟಕ್ಕೆ ಬೌಂಡರಿ ಇರುವುದು ಸಣ್ಣದಾದ ಕಾರಣಕ್ಕಲ್ಲ. ತೋಟದ ಎಲ್ಲೆಯ ಬಗ್ಗೆ ನಾವು ಆಡುವ ಮಾತೆಲ್ಲ ಯಾರದೆಷ್ಟು ಎಂಬ ಲೆಕ್ಕದ್ದೇ ಆದ ಕಾರಣಕ್ಕೆ.

ಐದನೆಯ ಹೆಜ್ಜೆ: ಪಕ್ಕದ ಮನೆಯ ಭಾಷೆಯನ್ನು ಕೇಳಿ

ಇದು ಬೆಂಗಳೂರಿನವರಿಗೆ ಅಷ್ಟು ಸುಲಭದಲ್ಲಿ ಸಿಗದ ಹೆಜ್ಜೆ, ನಮಗೆ ಅಂಗಳದಲ್ಲೇ ಇದೆ. ಕಾಸರಗೋಡು ಸಪ್ತಭಾಷಾ ಸಂಗಮ ಎಂದು ಭಾಷಣ ಮಾಡುತ್ತೇವೆ, ಆದರೆ ಇಂಗ್ಲಿಷ್ ಕಲಿಯುವಾಗ ಆ ಏಳನ್ನೂ ಕಟ್ಟಿ ಅಟ್ಟಕ್ಕೆ ಹಾಕುತ್ತೇವೆ. ನಾನು ಬಾರ್ಡರ್–ಬೌಂಡರಿಯಲ್ಲಿ ಎಡವಿದ ವಾರವೇ ಪೇಟೆಯ ಅಂಗಡಿಯಲ್ಲಿ ಇಬ್ಬರು ಮಲೆಯಾಳದಲ್ಲಿ ಮಾತಾಡಿಕೊಳ್ಳುತ್ತಿದ್ದರು. ಒಬ್ಬ ಜಾಗದ ತಕರಾರು ಹೇಳುತ್ತಾ 'ಅತಿರ್' ಎಂದ. ಸ್ವಲ್ಪ ಹೊತ್ತಿಗೆ ಅವನೇ ತಲಪಾಡಿಯ ಸುದ್ದಿ ತೆಗೆದು 'ಅತಿರ್ತಿ' ಎಂದ. ನನ್ನ ಕೈಯಲ್ಲಿದ್ದ ಚಹಾ ಅಲ್ಲೇ ನಿಂತಿತು. ಜಾಗದ ಎಲ್ಲೆಗೆ ಒಂದು, ನಾಡಿನ ಗಡಿಗೆ ಇನ್ನೊಂದು. ನಾನು ಪುಸ್ತಕದಲ್ಲಿ ಹುಡುಕುತ್ತಿದ್ದ ಭೇದವನ್ನು ಆತ ಬೀಡಿ ಹಚ್ಚುವ ನಡುವೆ ಮಾಡಿ ಮುಗಿಸಿದ್ದ. ಅತಿರ್–ಅತಿರ್ತಿ ಬೌಂಡರಿ–ಬಾರ್ಡರಿನ ಮೇಲೆ ಕೂದಲೆಳೆ ಹೆಚ್ಚುಕಡಿಮೆ ಇಲ್ಲದೆ ಕೂರುತ್ತದೆ ಎಂದೇನೂ ಅಲ್ಲ. ಆದರೆ 'ಎರಡು ಸಂಗತಿ ಇದೆ' ಎಂಬ ಸುಳಿವು ಸಿಕ್ಕಿದರೆ ಅರ್ಧ ಕೆಲಸ ಮುಗಿಯಿತು.

ಹಾಗಾಗಿ ಕನ್ನಡದಲ್ಲಿ ಒಂದೇ ಕೊಡೆ ಇದ್ದರೆ ತುಳುವಿನಲ್ಲಿ, ಮಲೆಯಾಳದಲ್ಲಿ, ಮನೆಯಲ್ಲಿ ಕೊಂಕಣಿಯೋ ಬ್ಯಾರಿಯೋ ಮರಾಠಿಯೋ ಇದ್ದರೆ ಅದರಲ್ಲಿ ಕೇಳಿ ನೋಡಿ. ಓದುವ ಹುಚ್ಚಿದ್ದವರು ಬಾಸೆಲ್ ಮಿಷನ್ನಿನವರು ಮಾಡಿಟ್ಟ ಮೂರು ನಿಘಂಟುಗಳನ್ನು ಎದುರಿಗೆ ಇಟ್ಟುಕೊಳ್ಳಬಹುದು: ಗುಂಡರ್ಟ್ ಅವರ 1872ರ ಮಲೆಯಾಳ, ಮ್ಯಾನರ್ ಅವರ 1886ರ ತುಳು, ಕಿಟ್ಟೆಲ್ ಅವರ 1894ರ ಕನ್ನಡ. ಮೂರರಲ್ಲೂ ಅರ್ಥ ಇಂಗ್ಲಿಷಿನಲ್ಲಿದೆ. ಅವರು ನಮ್ಮ ಭಾಷೆ ತಿಳಿಯಲಿಕ್ಕೆ ಮಾಡಿದ್ದು. ನಾವು ಹಿಂದುಮುಂದಾಗಿ ಹಿಡಿದರೆ ಇಂಗ್ಲಿಷ್ ತಿಳಿಯಲಿಕ್ಕೂ ಆಗುತ್ತದೆ.

ಆದರೆ ನೆರೆಭಾಷೆ ಕೈ ಹಿಡಿದ ಹಾಗೆಯೇ ಕಾಲೂ ಎಳೆದೀತು. ಮಲೆಯಾಳದ 'ಅವಸರಂ' ನಮ್ಮ ಅವಸರವಲ್ಲ, ಅದು ಅವಕಾಶ. ಅವರ 'ಸಂಸಾರಂ' ಮಾತುಕತೆ. ಅವರ 'ಉಪನ್ಯಾಸಂ' ಪ್ರಬಂಧ, ನಮ್ಮಲ್ಲಿ ಅದು ಭಾಷಣ. ನಾಲ್ಕನೆಯ ಹೆಜ್ಜೆಯಲ್ಲಿ ಮಾಡಿದ ಹಾಗೆ ಇಲ್ಲಿಯೂ ಪರೀಕ್ಷೆ ಮಾಡದೆ ನಂಬಬೇಡಿ.

ಆರನೆಯ ಹೆಜ್ಜೆ: ನೆಲ ಬಿಟ್ಟ ಮೇಲೆ ಎಲ್ಲಿಗೆ ಹೋಗುತ್ತವೆ?

ನೆಲದ ಅರ್ಥ ತಿಳಿದರೆ ಅಲಂಕಾರದ ಅರ್ಥ ತಾನಾಗಿ ಬಿಡಿಸಿಕೊಳ್ಳುತ್ತದೆ. 'ಸೆಟ್ ಬೌಂಡರೀಸ್' ಎಂದು ಈಗಿನವರು ಹೇಳುವುದು ಇಲ್ಲಿಗೆ ನಿಲ್ಲು ಎಂಬ ಗೀಟು, ನಮ್ಮ ಲಕ್ಷ್ಮಣರೇಖೆ. ಗೀಟಿಗೆ ಅಗಲ ಇಲ್ಲದ ಕಾರಣ ದಾಟಿದಿಯೋ ಇಲ್ಲವೋ ಎರಡೇ ಉತ್ತರ. 'ಬಾರ್ಡರಿಂಗ್ ಆನ್' ಎಂದರೆ ಹಾಗಲ್ಲ. ಮಾತು ಉದ್ಧಟತನದ ಅಂಚಿಗೆ ಬಂದಿದೆ, ಪೂರ್ತಿ ಆಗಿಲ್ಲ. ಅಂಚಿನ ಅಗಲದೊಳಗೆ ತೂಗಾಡುತ್ತಿದೆ. ಡಾಕ್ಟರು 'ಶುಗರ್ ಬಾರ್ಡರ್‌ಲೈನಲ್ಲಿದೆ' ಎನ್ನುವುದು, ಹುಡುಗರು 'ಬಾರ್ಡರಲ್ಲಿ ಪಾಸ್' ಎನ್ನುವುದು ಇದೇ ತೂಗಾಟ. ಎಲ್ಲೆ ಮೀರಿದ ಸಂತೋಷಕ್ಕೆ ಇಂಗ್ಲಿಷಿನವರು ಬಳಸುವುದು ಬೌಂಡ್ಸ್. ಅಲ್ಲಿ ಬಾರ್ಡರ್ ಹಾಕಿದರೆ ಸಂತೋಷಕ್ಕೆ ಪಾಸ್‌ಪೋರ್ಟ್ ಬೇಕಾದೀತು.

ಫ್ರಾಂಟಿಯರ್ ಎಂಬ ಮೂರನೆಯ ನೆಂಟನೂ ಬಾಗಿಲಲ್ಲಿ ಇದ್ದಾನೆ. ಲ್ಯಾಟಿನ್‌ನಲ್ಲಿ ಹಣೆ ಎಂಬ ಅರ್ಥದ ಶಬ್ದ ಅವನ ಮೂಲ, ಮುಂದಕ್ಕೆ ಮುಖ ಮಾಡಿದ ಕಡೆ. ವಾಯವ್ಯ ಸರಹದ್ದು ಪ್ರಾಂತ, ಅಲ್ಲಿನ ಸರಹದ್ದು ಗಾಂಧಿ ಖಾನ್ ಅಬ್ದುಲ್ ಗಫಾರ್ ಖಾನ್ ಇವರನ್ನು ನೆನೆಸಿಕೊಂಡರೆ ಸಾಕು. ತಲಪಾಡಿಗೆ ಅವನನ್ನು ಕರೆತರಬೇಡಿ.

ಏಳನೆಯ ಹೆಜ್ಜೆ: ಕನ್ನಡಕ್ಕೆ ವಾಪಸು ಬನ್ನಿ

ಹೋದ ದಾರಿಯಲ್ಲಿ ತಿರುಗಿ ಬರದಿದ್ದರೆ ಅನುವಾದಕನಿಗೆ ಅರ್ಧ ಲಾಭ ಮಾತ್ರ. ನಾನೀಗ ಬೌಂಡರಿಗೆ ಎಲ್ಲೆ ಎಂದೋ, ಕಾಗದಪತ್ರದಲ್ಲಾದರೆ ಚೆಕ್ಕುಬಂದಿ ಎಂದೋ ಬರೆಯುತ್ತೇನೆ. ಬಾರ್ಡರಿಗೆ ಗಡಿ. ಬಟ್ಟೆಯದಾದರೆ ಕರೆ ಅಥವಾ ಅಂಚು. ಮೇರೆಯನ್ನು 'ಮೇರೆ ಮೀರಿದ' ಎಂಬ ಬಳಕೆಗೆ ಬಿಟ್ಟಿದ್ದೇನೆ. ಎಲ್ಲರೂ ಹೀಗೆಯೇ ಮಾಡಬೇಕೆಂದು ಹಟವಿಲ್ಲ, ಒಂದೇ ಬರಹದೊಳಗೆ ಒಂದನ್ನು ಹಿಡಿದರೆ ಅದನ್ನೇ ಹಿಡಿಯಿರಿ.

ಎಂಟನೆಯ ಹೆಜ್ಜೆ: ಇನ್ನೊಂದು ಜೋಡಿಯ ಮೇಲೆ ಕೈ ಪಳಗಿಸಿ

ಶೇಡ್ ಮತ್ತು ಶ್ಯಾಡೋ ತೆಗೆದುಕೊಳ್ಳಿ. ಕೊಡೆ ಯಾವುದು? ನೆರಳು. ತುಳುವಿನಲ್ಲಿ ಕೇಳಿದರೆ 'ನಿರೆಲ್', ಅದೂ ಒಂದೇ. ಮಲೆಯಾಳದಲ್ಲಿ ಕೇಳಿ: 'ತಣಲ್' ಬೇರೆ, 'ನಿಳಲ್' ಬೇರೆ. ಸುಳಿವು ಸಿಕ್ಕಿತು.

ಈಗ ಕ್ರಿಯಾಪದಗಳು. ಶೇಡಿನಲ್ಲಿ ಕೂರುತ್ತೇವೆ, ಗಾಡಿ ನಿಲ್ಲಿಸುತ್ತೇವೆ. ಅಡಿಕೆ ಮರದ ಕಾಂಡವನ್ನು ತೆಂಕುಪಡುವಣ ಬಿಸಿಲು ಸುಡದಂತೆ ನಾವು ಕೊಡುವುದು ಶೇಡ್. ನರ್ಸರಿಯಲ್ಲಿ ಕಟ್ಟುವುದು ಶೇಡ್ ನೆಟ್. ಅದನ್ನು ಶ್ಯಾಡೋ ನೆಟ್ ಎಂದವರನ್ನು ನಾನು ಕಂಡಿಲ್ಲ. ಶ್ಯಾಡೋ ಬೀಳುತ್ತದೆ, ಉದ್ದವಾಗುತ್ತದೆ, ಹಿಂಬಾಲಿಸುತ್ತದೆ, ನಾಯಿಮರಿ ಅದನ್ನು ಕಂಡು ಬೊಗಳುತ್ತದೆ. ಶ್ಯಾಡೋಗೆ ಆಕಾರ ಇದೆ, ಯಾರದು ಎಂದು ಕೇಳಬಹುದು. ಶೇಡಿಗೆ ಆಕಾರ ಇಲ್ಲ, ಅಲ್ಲಿ ತಂಪು ಇದೆ. 2019ರ ಡಿಸೆಂಬರ್ 26ರ ಕಂಕಣ ಗ್ರಹಣ ನಮ್ಮ ಜಿಲ್ಲೆಯ ಚೆರುವತ್ತೂರಿನಲ್ಲಿ ಸೊಗಸಾಗಿ ಕಂಡಿತ್ತು. ಆವತ್ತು ಬೆಳಗ್ಗೆ ನಮ್ಮ ಮೇಲೆ ಹಾದುಹೋದದ್ದು ಚಂದ್ರನ ಶ್ಯಾಡೋ, ಅದರಡಿ ಯಾರೂ ಚಾಪೆ ಹಾಸಿ ಮಲಗಲಿಲ್ಲ. ನಿಯಮ ಒಡೆಯುವ ಕೆಲಸ ನಿಮಗೆ ಬಿಟ್ಟದ್ದು: ಸೀರೆ ಅಂಗಡಿಯವನು 'ಬಣ್ಣ ಅದೇ, ಶೇಡ್ ಬೇರೆ' ಎನ್ನುತ್ತಾನಲ್ಲ, ಅದು ಎಲ್ಲಿಂದ ಬಂತು?

ಬಿಟ್ಟ ಸ್ಥಳ ತುಂಬಿಸಿ

ಬಾರ್ಡರ್ ಅಥವಾ ಬೌಂಡರಿ, ಉತ್ತರ ಕೆಳಗಿದೆ. ಮೊದಲೇ ಇಣುಕಬೇಡಿ.

1. ರೀ-ಸರ್ವೆಯವರು ಬಂದು ನಮ್ಮ ಜಾಗದ ______ ಗುರುತಿಸಿ ಕಲ್ಲು ಹಾಕಿದರು.
2. ಮಂಗಳೂರಿಗೆ ಹೋಗುವ ಬಸ್ಸು ತಲಪಾಡಿಯಲ್ಲಿ ______ ದಾಟುತ್ತದೆ.
3. ಪಂಚಾಯತಿನ ವಾರ್ಡುಗಳ ______ ಬದಲಾದ ಕಾರಣ ನಮ್ಮ ಮತಗಟ್ಟೆಯೂ ಬದಲಾಯಿತು.
4. ಮದುವೆ ಕಾಗದಕ್ಕೆ ಸುತ್ತಲೂ ಹೂಬಳ್ಳಿಯ ______ ಹಾಕಿಸಿದ್ದಾರೆ.
5. ಎರಡು ರಾಜ್ಯಗಳ ______ ಈ ರಬ್ಬರ್ ತೋಟದ ನಡುವೆ ಹಾದುಹೋಗುತ್ತದೆ.

ಒಂದನೆಯದಕ್ಕೂ ಮೂರನೆಯದಕ್ಕೂ ಬೌಂಡರಿ, ಗೀಟು ಎಳೆಯುವ ಕೆಲಸ ಅದು. ಎರಡಕ್ಕೆ ಬಾರ್ಡರ್. ನಾಲ್ಕಕ್ಕೂ ಬಾರ್ಡರ್, ಹೂಬಳ್ಳಿ ಬಿಡಿಸಬೇಕಾದರೆ ಅಗಲ ಬೇಕಲ್ಲ. ಐದನೆಯದಕ್ಕೆ ಎರಡೂ ಸರಿ. ಸರ್ವೆಯವನು ಬರೆದರೆ ಬೌಂಡರಿ, ಪತ್ರಿಕೆಯವನು ಬರೆದರೆ ಬಾರ್ಡರ್. ತೋಟದ ಯಜಮಾನನನ್ನು ಕೇಳಿದರೆ ಅವನು ಎರಡನ್ನೂ ಹೇಳಲಿಕ್ಕಿಲ್ಲ, 'ಓ ಆ ಅಗಳೋ?' ಎಂದಾನು.